ಮೊತ್ತ ಅಷ್ಟೇ ಇರಲಿ, ತಾರೀಖು ಹೇಳಿ

ಕರ್ನಾಟಕ ವಿಧಾನಸಭೆಯ 224 ಸದಸ್ಯರಿಗೆ, ಚಳ್ಳಕೆರೆ ತಾಲ್ಲೂಕಿನ ಗಡಿಯ ಹಳ್ಳಿಯೊಂದರಿಂದ ಬಹಿರಂಗ ಪತ್ರ

ಮಾನ್ಯರೇ,

ನಾನು ನಮ್ಮೂರಿನ ಮೂರು ಮಹಿಳಾ ಸಂಘಗಳ ಲೆಕ್ಕದ ಪುಸ್ತಕ ಬರೆಯುವವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಪಿಯುಸಿ ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಈ ಊರಿಗೆ ಬಂದೆ. ಪುಸ್ತಕ ಬರೆದದ್ದಕ್ಕೆ ಒಂದಿಷ್ಟು ಗೌರವಧನ ಸಿಗುತ್ತದೆ, ಉಳಿದ ದಿನ ಕೂಲಿಗೆ ಹೋಗುತ್ತೇನೆ. ಎರಡೂವರೆ ಎಕರೆ ಖುಷ್ಕಿ ಜಮೀನಿದೆ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬೀಳು. ಮನೆಯಲ್ಲಿ ಐದು ಜನ: ಅತ್ತೆ, ಯಜಮಾನರು, ನಾನು, ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ.

ಈ ಪತ್ರ ಗೃಹಲಕ್ಷ್ಮಿ ಹಣದ ಬಗ್ಗೆ. ಹೆಚ್ಚಿಸಿ ಎಂದು ಕೇಳಲು ಬರೆಯುತ್ತಿಲ್ಲ. ಧನ್ಯವಾದ ಹೇಳಲೂ ಬರೆಯುತ್ತಿಲ್ಲ, ಆ ಕೆಲಸಕ್ಕೆ ಬಸ್ ನಿಲ್ದಾಣದ ಫ್ಲೆಕ್ಸ್‌ಗಳಿವೆ. ನಿಮ್ಮಲ್ಲಿ ಕೆಲವರು ಈ ಹಣ ಕೊಟ್ಟವರು, ಕೆಲವರು ಇದನ್ನು ಬಿಟ್ಟಿ ಭಾಗ್ಯ ಎಂದವರು. ಇಬ್ಬರಿಗೂ ಸೇರಿಸಿ ಒಂದೇ ಪತ್ರ ಸಾಕು ಅನ್ನಿಸಿತು. 2,000 ರೂಪಾಯಿ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಏನೇನು ಮಾಡುತ್ತದೆ ಎಂದು ಎರಡೂ ಕಡೆಯವರು ವಿಚಾರಿಸಿದ್ದನ್ನು ನಾನಂತೂ ನೋಡಲಿಲ್ಲ.

ಮೊದಲಿಗೆ ಒಂದು ಸಂಗತಿ. ಆ ಹಣ ನನ್ನ ಖಾತೆಗೆ ಬರುವುದಿಲ್ಲ, ನಮ್ಮ ಅತ್ತೆಯ ಖಾತೆಗೆ ಬರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಹತ್ತು ವರ್ಷ ಆ ಮಾತು ಚೀಟಿಯ ಮೇಲಷ್ಟೇ ಇತ್ತು. ಮನೆಯಲ್ಲಿ ಯಜಮಾನರು ಯಜಮಾನರೇ ಆಗಿದ್ದರು, ಅತ್ತೆ ಎಲೆಯಡಿಕೆಗೂ ಮಗನ ಮುಖ ನೋಡುತ್ತಿದ್ದರು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಕೆಲವು ದಿನಗಳ ನಂತರ ಅತ್ತೆಯ ಖಾತೆಗೆ ಮೊದಲ ಕಂತು ಬಂದು ಬಿತ್ತು. ಅಂದಿನಿಂದ ಚೀಟಿಯ ಮೇಲಿದ್ದ ಯಜಮಾನಿ ಅಡುಗೆಮನೆಗೆ ನಡೆದು ಬಂದರು.

ಆ ಮೊದಲ ಕಂತನ್ನು ಅವರು ಏನು ಮಾಡಿದರು ಎಂಬುದು ನನ್ನ ನೋಟುಬುಕ್ಕಿನಲ್ಲಿದೆ. 700 ರೂಪಾಯಿ ಕೊಟ್ಟು ಒಂದು ಕಿಲೋ ಕುರಿಮಾಂಸ ತರಿಸಿದರು. ಅಂಗಡಿಯ ಉದ್ರಿಗೆ 600 ಕಟ್ಟಿದರು. ಎಲೆಯಡಿಕೆಗೆ 60. ಉಳಿದ 640 ರೂಪಾಯಿಯನ್ನು ಎಲೆಯಡಿಕೆಯ ಸಂಚಿಯೊಳಗೆ ಮಡಚಿ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಸಿಟ್ಟು ಬಂದಿತ್ತು. ಮಗಳ ಓದಿನ ಖರ್ಚು ತಲೆಯ ಮೇಲಿರುವಾಗ ಮಾಂಸವೇ ಎಂದು ಗೊಣಗಿದೆ. ಅವರು ತಲೆ ಎತ್ತದೆ, "ಅರವತ್ತೆಂಟು ವರ್ಷಕ್ಕೆ ಮೊದಲ ಸಲ ನನ್ನ ದುಡ್ಡಿನಲ್ಲಿ ಈ ಮನೆಯವರಿಗೆ ಬಡಿಸುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಊಟ ಮಾಡು" ಎಂದರು. ಮುಂದೆ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಇದೇ ಹಣದಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬಹಳ ಜನ ಮೆಚ್ಚಿದರು, ಕೆಲವರು ನಕ್ಕರು. ನಾನು ಎರಡನ್ನೂ ಮಾಡಲಿಲ್ಲ. ನಮ್ಮ ಮನೆಯ ಮಾಂಸದೂಟ ನೆನಪಾಗಿ ಸುಮ್ಮನಾದೆ.

ಎರಡನೆಯ ಕಂತಿನಿಂದ ಅತ್ತೆ ಲೆಕ್ಕಕ್ಕೆ ಕುಳಿತರು. ಓದು ಬರಹ ಬಾರದು, ಆದರೆ ಲೆಕ್ಕ ಅವರ ಬೆರಳಿನ ಗೆಣ್ಣುಗಳಲ್ಲಿದೆ. ಮೊದಲು ಕಡಿದದ್ದು ಅಂಗಡಿಯ ಉದ್ರಿಯನ್ನು. ನಿಮ್ಮ ಮನೆಗಳಲ್ಲಿ ತಿಂಗಳ ಸಾಮಾನು ಒಟ್ಟಿಗೆ ಬರುತ್ತದೆ, ಹಾಗಾಗಿ ಉದ್ರಿಯ ರುಚಿ ನಿಮಗೆ ತಿಳಿದಿರಲಾರದು. ಉದ್ರಿ ತರುವವಳು ದರ ಕೇಳುವ ಹಾಗಿಲ್ಲ, ತೂಕ ನೋಡುವ ಹಾಗಿಲ್ಲ, ಬೇಳೆಯಲ್ಲಿ ಕಲ್ಲು ಸಿಕ್ಕರೆ ವಾಪಸು ಕೊಡುವ ಹಾಗಿಲ್ಲ. ಕಾಲು ಕಿಲೋ ಬೇಳೆ, ಎಣ್ಣೆಯ ಚಿಕ್ಕ ಪೊಟ್ಟಣ, ಐದು ರೂಪಾಯಿಯ ಕಾಫಿಪುಡಿ. ಅಂಗಡಿಯವರನ್ನು ದೂರುವುದಿಲ್ಲ, ಅವರೂ ಸಾಲ ಮಾಡಿಯೇ ಸಾಮಾನು ತರುವವರು. ಆದರೆ ಕೈಯಲ್ಲಿ ನಗದು ಹಿಡಿದು ಚಳ್ಳಕೆರೆಗೆ ಹೋಗಿ ಎರಡು ಕಿಲೋ ಬೇಳೆಯನ್ನು ಒಟ್ಟಿಗೆ ತಂದ ದಿನ, ಕಿಲೋಗೆ ಮೂವತ್ತು ರೂಪಾಯಿ ಉಳಿಯಿತು. ಹೋಗಿ ಬರುವ ಬಸ್ಸಿಗೆ ನಮಗೆ ಶೂನ್ಯ ಟಿಕೆಟ್. ಒಂದು ಯೋಜನೆಯ ಹಣ ಇನ್ನೊಂದು ಯೋಜನೆಯ ಬಸ್ಸು ಹತ್ತಿ ಸಂತೆಗೆ ಹೋಗುತ್ತದೆ ಎಂದು ನೀವು ಯೋಚಿಸಿಯೇ ಮಾಡಿದಿರೋ, ತಾನಾಗಿ ಕೂಡಿ ಬಂತೋ, ಅಂತೂ ಕೂಡಿ ಬಂತು.

ಮನೆಯೊಳಗೆ ಯಾರು ಯಾರನ್ನು ಕೇಳಬೇಕು ಎಂಬುದೂ ತಿರುಗಿತು. ಮಗ ಕಂಪಾಸು ಪೆಟ್ಟಿಗೆಗೆ ಅಜ್ಜಿಯ ಬಳಿ ಹೋಗುತ್ತಾನೆ. ಮಗಳಿಗೆ ಪ್ಯಾಡ್ ತರಲು ನಾನು ಈಗ ಯಜಮಾನರಿಗೆ ಸುಳ್ಳು ಕಾರಣ ಹೇಳಬೇಕಾಗಿಲ್ಲ. ಬೈಕಿನ ಪೆಟ್ರೋಲಿಗೆ ಯಜಮಾನರೇ ತಾಯಿಯ ಮುಂದೆ ನಿಂತು ತಲೆ ಕೆರೆದುಕೊಂಡದ್ದನ್ನೂ ನೋಡಿದ್ದೇನೆ. ಕೊಡುವ ಮೊದಲು ಅತ್ತೆ ಒಂದು ಗಳಿಗೆ ತಡೆಯುತ್ತಾರೆ, ಸಂಚಿಯ ದಾರವನ್ನು ನಿಧಾನವಾಗಿ ಸಡಿಲಿಸುತ್ತಾರೆ. ಇದು ಯಾವ ಬಜೆಟ್ ಭಾಷಣದಲ್ಲಿಯೂ ಸಿಗುವ ಸುಖವಲ್ಲ.

ಸೊಸೆಯಾಗಿ ನನ್ನ ತಕರಾರು ಇಲ್ಲವೆಂದಲ್ಲ. ಹಣ ನನ್ನ ಕೈಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನೇಕ ಸಲ ಅನ್ನಿಸಿದೆ. ಯಜಮಾನಿ ಯಾರು ಎಂಬ ಒಂದೇ ಪ್ರಶ್ನೆಗೆ ನಮ್ಮ ಬೀದಿಯಲ್ಲಿ ಎರಡು ಮನೆಗಳು ಒಲೆ ಬೇರೆ ಮಾಡಿಕೊಂಡವು. ಅದು ಇನ್ನೊಂದು ಪತ್ರದ ವಿಷಯ.

ಇನ್ನು ಸಾಲದ ಕಥೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ನಾನು ಕೇಳುತ್ತಿರುವುದೆಲ್ಲ ಇದರೊಳಗಿದೆ.

ಯಜಮಾನರು ನಮ್ಮಿಬ್ಬರಿಗೂ ಹೇಳದೆ 10,000 ರೂಪಾಯಿ ಕೈಸಾಲ ಮಾಡಿದ್ದರು. ನೂರಕ್ಕೆ ಐದರಂತೆ ಬಡ್ಡಿ, ಅಂದರೆ ತಿಂಗಳಿಗೆ 500. ಎರಡು ವರ್ಷ ಬಡ್ಡಿಯನ್ನೇ ಕಟ್ಟಿದ್ದರು. 12,000 ಕೊಟ್ಟಾಗಿತ್ತು, 10,000 ಹಾಗೆಯೇ ನಿಂತಿತ್ತು. ವಿಷಯ ಹೊರಬಿದ್ದ ದಿನ ಮನೆಯಲ್ಲಿ ಏನಾಯಿತು ಎಂಬುದು ಬೇಡ. ಸಂಘದಲ್ಲಿ ನನ್ನ ಹೆಸರಿನ ಒಳಸಾಲ ಆಗಲೇ ನಡೆಯುತ್ತಿತ್ತು, ಅದು ತೀರುವವರೆಗೆ ಇನ್ನೊಂದು ಸಿಗುವುದಿಲ್ಲ. ಆ ನಿಯಮವನ್ನು ಠರಾವು ಪುಸ್ತಕದಲ್ಲಿ ಬರೆದವಳು ನಾನೇ, ಮುರಿಯುವುದು ಹೇಗೆ? ಕೈಸಾಲ ಕೊಟ್ಟವರು ಅಸಲನ್ನು ಚಿಲ್ಲರೆಯಾಗಿ ತೆಗೆದುಕೊಳ್ಳುವುದಿಲ್ಲ. ಕೊಟ್ಟರೆ ಪೂರ್ತಿ ಕೊಡಿ, ಇಲ್ಲವಾದರೆ ಬಡ್ಡಿ ಕೊಡಿ. ಅವರಿಗೆ ಬೇಕಾಗಿರುವುದು ಬಡ್ಡಿ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಅತ್ತೆ ಗೆಣ್ಣು ಎಣಿಸಿದರು. ತಿಂಗಳಿಗೆ 2,000. ಅದರಲ್ಲಿ 500 ಬಡ್ಡಿಗೆ, 1,500 ಇಡುಗಂಟಿಗೆ. ಏಳನೆಯ ತಿಂಗಳಿಗೆ 10,500. ಅಸಲು ಬಿಸಾಕಿ ಸಾಲದ ಪತ್ರ ವಾಪಸು ತರುವುದು. ಮನೆ ಖರ್ಚು ನನ್ನ ಕೂಲಿಯಲ್ಲಿ ಮತ್ತು ಯಜಮಾನರ ಹಮಾಲಿಯಲ್ಲಿ, ಅತ್ತೆಯ ಬಿ.ಪಿ. ಮಾತ್ರೆ ಸಂಧ್ಯಾ ಸುರಕ್ಷಾ ಎಂಬ ವೃದ್ಧರ ಪಿಂಚಣಿಯ 1,200ರಲ್ಲಿ. ಚೆನ್ನಾಗಿ ಕೂಡಿದ ಲೆಕ್ಕ. ಐದು ತಿಂಗಳು ಹಾಗೆಯೇ ನಡೆಯಿತು. ಸಂಚಿ ಸಾಲದೆ ಇಡುಗಂಟು ಅಕ್ಕಿ ಡಬ್ಬದ ತಳಕ್ಕೆ ಹೋಯಿತು, ಅಲ್ಲಿ 7,500 ರೂಪಾಯಿ ಸೇರಿತು.

ಆರನೆಯ ತಿಂಗಳು ಹಣ ಬರಲಿಲ್ಲ. ಏಳನೆಯ ತಿಂಗಳೂ ಬರಲಿಲ್ಲ.

ಯಾವ ಮೇಜಿನ ಮೇಲೆ ನಿಂತಿತ್ತು ಎಂದು ನನಗೆ ತಿಳಿಯದು, ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲವಲ್ಲ. ಎರಡು ತಿಂಗಳ 1,000 ಆ ಗಂಟಿನಿಂದಲೇ ಹೋಯಿತು. ಕೂಲಿಯೂ ಇಲ್ಲದ ದಿನಗಳು ಅವು, ಹಿಟ್ಟು ಬೇಳೆಗೆಂದು ಇನ್ನೂ 2,300 ತೆಗೆದೆವು. ಡಬ್ಬದ ತಳದಲ್ಲಿ ಉಳಿದದ್ದು 4,200. ಆಮೇಲೆ ಒಂದು ದಿನ ಬಾಕಿ ಎರಡೂ ಕಂತು ಒಟ್ಟಿಗೆ ಬಿದ್ದವು. 4,000 ರೂಪಾಯಿ! ಊರಿಗೆಲ್ಲ ಬಂದದ್ದರಿಂದ ಊರಿಗೆಲ್ಲ ಗೊತ್ತಾಯಿತು. ಅದೇ ವಾರ ನಾದಿನಿಯ ಮಗುವಿನ ಮುಡಿ ತೆಗೆಸುವ ಶಾಸ್ತ್ರ. ತಾಯಿಯ ತಾಯಿ ಬಟ್ಟೆ, ಬೆಳ್ಳಿ ಇಡಬೇಕು. ಕೈಯಲ್ಲಿ ಇಲ್ಲದಿದ್ದರೆ ಐನೂರು ಮುಯ್ಯಿ ಮಾಡಿ ಬಂದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನಾಲ್ಕು ಸಾವಿರ ಬಂದಿದೆ ಎಂದು ಬೀಗರಿಗೂ ತಿಳಿದಿರುವಾಗ ಐನೂರು ಇಡುವುದು ಹೇಗೆ? 3,000 ಹೋಯಿತು. ಉಳಿದ ಸಾವಿರ ಗಂಟಿಗೆ ಸೇರಿ 5,200 ಆಯಿತು.

ಏಳು ತಿಂಗಳಿಗೆ ತೀರಬೇಕಾದ ಸಾಲ ಹನ್ನೊಂದಕ್ಕೆ ತೀರಿತು. ಹೆಚ್ಚಾದ ನಾಲ್ಕು ತಿಂಗಳ ಬಡ್ಡಿ 2,000 ರೂಪಾಯಿ. ಗಮನಿಸಿ, ಸರಿಯಾಗಿ ಒಂದು ಕಂತು. ಸರ್ಕಾರ ನಮ್ಮ ಅತ್ತೆಗೆಂದು ಕಳುಹಿಸಿದ ಒಂದು ತಿಂಗಳ ಗೃಹಲಕ್ಷ್ಮಿ ಬಡ್ಡಿಗೆ ಕೊಟ್ಟವರ ಮನೆಗೆ ಹೋಯಿತು. ಸರ್ಕಾರದ ಪುಸ್ತಕದಲ್ಲಿ ಅದು ಫಲಾನುಭವಿಗೆ ತಲುಪಿದ ಹಣ. ಒಂದು ಪೈಸೆಯೂ ಸೋರಿಲ್ಲ, ಲಂಚ ಯಾರೂ ತಿಂದಿಲ್ಲ. ಬಾಕಿಯನ್ನೂ ಚುಕ್ತಾ ಮಾಡಿದ್ದಾರೆ. ಸೋರಿದ್ದು ದಿನಗಳು ಮಾತ್ರ.

ಇದಾದ ಮೇಲೆ ನನಗೆ ಒಂದು ವಿಚಿತ್ರ ಹೊಳೆಯಿತು. ನಮ್ಮಿಂದ ಹಣ ತೆಗೆದುಕೊಂಡು ಹೋಗುವವರಿಗೆಲ್ಲ ತಾರೀಖಿದೆ. ಮೈಕ್ರೊ ಫೈನಾನ್ಸ್‌ನ ಹುಡುಗ ಮಂಗಳವಾರ ಬೆಳಗ್ಗೆ ಎಂಟಕ್ಕೆ ಬಂದು ಅಂಗಳದಲ್ಲಿ ಚಾಪೆ ಹಾಸಿಸಿ ಕೂರುತ್ತಾನೆ, ಮಳೆ ಬಂದರೂ ಬರುತ್ತಾನೆ. ಕೈಸಾಲದವರು ಅಮಾವಾಸ್ಯೆಯ ಮಾರನೆಯ ದಿನ. ಚೀಟಿ ಫಂಡಿನ ಕಂತು ಹತ್ತನೆಯ ತಾರೀಖು. ಮಗಳ ಕಾಲೇಜಿನ ಶುಲ್ಕಕ್ಕೆ ಕೊನೆಯ ದಿನ ಇದೆ, ಅದು ದಾಟಿದರೆ ದಂಡವಿದೆ. ನಮ್ಮ ಕಡೆಗೆ ಬರುವ ಹಣಕ್ಕೆ ಮಾತ್ರ ತಾರೀಖಿಲ್ಲ. ಶೇಂಗಾ ದುಡ್ಡು ಮಳೆಯ ಕೈಯಲ್ಲಿದೆ, ಕೂಲಿ ಕರೆಯುವವರ ಕೈಯಲ್ಲಿದೆ, ಗೃಹಲಕ್ಷ್ಮಿ ನಿಮ್ಮ ಕೈಯಲ್ಲಿದೆ. ಈ ಮೂರರಲ್ಲಿ ಮಳೆಗೆ ಪತ್ರ ಬರೆದು ಉಪಯೋಗವಿಲ್ಲ.

ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನೀವು ಕಾನೂನು ತಂದಿರಿ. ಒಳ್ಳೆಯದು. ಹುಡುಗ ಈಗ ಮೆತ್ತಗೆ ಮಾತನಾಡುತ್ತಾನೆ, ಆದರೆ ಎಂಟಕ್ಕೆ ಬರುವುದನ್ನು ಬಿಟ್ಟಿಲ್ಲ. ಮಂಗಳವಾರದ ಕಂತಿಗೆ ಯಾವುದಾದರೂ ಒಂದು ಹಣ ಖಂಡಿತವಾಗಿ ಬರುತ್ತದೆ ಎಂಬ ಭರವಸೆ ಇದ್ದಿದ್ದರೆ, ನಮ್ಮ ಸಂಘದ ಎಷ್ಟೋ ಹೆಂಗಸರು ಆ ಚಾಪೆಯ ಮೇಲೆ ಕೂರುತ್ತಲೇ ಇರಲಿಲ್ಲ. ಒಂದು ಕಂತು ತುಂಬಲು ಇನ್ನೊಂದು ಕಡೆ ಸಾಲ ಎತ್ತುವುದು ಶುರುವಾಗುವುದೇ ಇಂತಹ ತಪ್ಪಿದ ತಿಂಗಳಲ್ಲಿ. ಇದನ್ನು ನಾನು ಪುಸ್ತಕ ಬರೆಯುವವಳಾಗಿ ಹೇಳುತ್ತಿದ್ದೇನೆ, ಯಾವ ಮನೆಯಲ್ಲಿ ಯಾವ ತಿಂಗಳು ಎಂಬುದು ನನ್ನ ಅಕ್ಷರದಲ್ಲೇ ಇದೆ.

ತಾರೀಖಿಲ್ಲದ ಹಣ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದೂ ಒಂದು ಕೂಲಿ. ಬಂದರೆ ಮೊಬೈಲಿಗೆ ಸಂದೇಶ ಬರುತ್ತದೆ ಎನ್ನುತ್ತಾರೆ. ಅತ್ತೆಯ ಖಾತೆಗೆ ಕೊಟ್ಟ ನಂಬರು ಯಜಮಾನರದ್ದು. ಅವರು ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ ಸಂದೇಶವೂ ಅವರ ಜೊತೆ ಹೋಗುತ್ತದೆ, ರೀಚಾರ್ಜ್ ಮುಗಿದರೆ ಅದೂ ಇಲ್ಲ. ಹಾಗಾಗಿ ಸುದ್ದಿ ಬಾಯಿಂದ ಬಾಯಿಗೆ ಬರುತ್ತದೆ. "ಪಕ್ಕದೂರಿನವರಿಗೆ ಬಿತ್ತಂತೆ." ಅಷ್ಟು ಸಾಕು, ಬೆಳಗಿನ ಬಸ್ಸಿಗೆ ಹತ್ತು ಹೆಂಗಸರು. ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸುವ ಯಂತ್ರದ ಮುಂದೆ ಸಾಲು. ಊರಲ್ಲೇ ಹೆಬ್ಬೆಟ್ಟಿನ ಯಂತ್ರ ಹಿಡಿದು ಬರುವವರಿದ್ದಾರೆ, ಆದರೆ ಅರವತ್ತು ವರ್ಷ ಕಳೆ ಕಿತ್ತು ಮುಸುರೆ ತಿಕ್ಕಿದ ಹೆಬ್ಬೆರಳಿನಲ್ಲಿ ಗೆರೆಗಳು ಎಲ್ಲಿ ಉಳಿದಿರುತ್ತವೆ? ಸೋಪು ಹಾಕಿ ತೊಳೆದು, ಎಣ್ಣೆ ಹಚ್ಚಿ ಒರೆಸಿ, ಮೂರು ಸಲ ಒತ್ತಿದರೂ ಯಂತ್ರ ನಮ್ಮ ಅತ್ತೆಯನ್ನು ನಮ್ಮ ಅತ್ತೆ ಎಂದು ಒಪ್ಪುವುದಿಲ್ಲ. ಬ್ಯಾಂಕಿಗೆ ಹೋಗಲೇಬೇಕು, ಅವರ ಜೊತೆಗೆ ನಾನು. ನನ್ನ ಒಂದು ದಿನದ ಕೂಲಿ 300. ಹಣ ಬಾರದಿದ್ದ ಆ ಎರಡು ತಿಂಗಳಲ್ಲಿ ಸುಳ್ಳು ಸುದ್ದಿ ನಂಬಿ ಮೂರು ಸಲ ಹೋಗಿ ಬಂದೆವು. 900 ರೂಪಾಯಿ. ಬಸ್ಸು ಬಿಟ್ಟಿ, ದಿನ ಬಿಟ್ಟಿಯಲ್ಲ.

ಈಗ ಗಡಿಯ ಆಚೆಗೆ ಬನ್ನಿ. ಅತ್ತೆಯ ತಂಗಿಯನ್ನು ಆಂಧ್ರದ ರಾಯದುರ್ಗದ ಕಡೆಗೆ ಕೊಟ್ಟಿದೆ. ನಾವು ಅವರನ್ನು ಸಣ್ಣತ್ತೆ ಎನ್ನುತ್ತೇವೆ. ಅವರಿಗೆ ತಿಂಗಳಿಗೆ 4,000 ವೃದ್ಧಾಪ್ಯ ಪಿಂಚಣಿ. 2024ರ ಜುಲೈ ಒಂದರಿಂದ ಅಲ್ಲಿ ಹಾಗೆ. ಅದಕ್ಕಿಂತ ನಮ್ಮ ಅತ್ತೆಯ ಹೊಟ್ಟೆ ಉರಿಸುವುದು ಇನ್ನೊಂದು: ತಿಂಗಳ ಒಂದನೆಯ ತಾರೀಖು ಬೆಳಗ್ಗೆ ಗ್ರಾಮ ಸಚಿವಾಲಯದ ನೌಕರರು ಮನೆ ಬಾಗಿಲಿಗೆ ಬಂದು ನೋಟು ಎಣಿಸಿ ಕೊಡುತ್ತಾರೆ. 2024ರ ಸೆಪ್ಟೆಂಬರ್ ಒಂದು ಭಾನುವಾರವಾಗಿತ್ತು, ಹಿಂದಿನ ದಿನವೇ ಕೊಟ್ಟರು. ಒಂದನೆಯ ತಾರೀಖು ಸಣ್ಣತ್ತೆಯ ಫೋನು ತಪ್ಪುವುದಿಲ್ಲ.

"ಅಕ್ಕಾ, ನಿನಗೆ ಬಂತೇನೇ?"

"ಬರುತ್ತದೆ ಬಿಡೇ."

"ಯಾವಾಗ?"

ಇಲ್ಲಿಗೆ ಅತ್ತೆ ಫೋನು ನನ್ನ ಕೈಗೆ ಕೊಡುತ್ತಾರೆ.

ಆಂಧ್ರ ಸ್ವರ್ಗ, ನಮ್ಮದು ನರಕ ಎಂದು ನಾನು ಹೇಳಿದರೆ ಸಣ್ಣತ್ತೆಯೇ ನಗುತ್ತಾರೆ. ನಮ್ಮ ಹಾಗೆ ಬಸ್ಸಿನಲ್ಲಿ ಬಿಟ್ಟಿ ಓಡಾಡಲು ಅವರು 2025ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು, ಅಲ್ಲಿಯವರೆಗೂ ಫೋನಿನಲ್ಲಿ ಹೊಟ್ಟೆಕಿಚ್ಚು ಆ ಕಡೆಯಿಂದ ಈ ಕಡೆಗೆ ಹರಿಯುತ್ತಿತ್ತು. ನಾನು ಹೇಳುತ್ತಿರುವುದು ಆ ಒಂದನೆಯ ತಾರೀಖಿನ ಮಾತನ್ನು ಮಾತ್ರ. ತಾರೀಖು ಗೊತ್ತಿರುವುದರಿಂದ ಸಣ್ಣತ್ತೆ ಔಷಧದ ಅಂಗಡಿಯಲ್ಲಿ 'ಒಂದನೆಯ ತಾರೀಖು ಕೊಡುತ್ತೇನೆ' ಎಂದು ಹೇಳಿ ಮಾತ್ರೆ ತರುತ್ತಾರೆ, ಅಂಗಡಿಯವನು ನಂಬಿ ಕೊಡುತ್ತಾನೆ. ನಮ್ಮ ಅತ್ತೆಗೂ 2,000 ಬರುತ್ತದೆ, 1,200 ಬರುತ್ತದೆ, ಆದರೆ 'ಇಂಥ ದಿನ ಕೊಡುತ್ತೇನೆ' ಎಂದು ಹೇಳುವ ಬಾಯಿ ಅವರಿಗಿಲ್ಲ.

ತಮಿಳುನಾಡಿನಲ್ಲಿ ಹೆಂಗಸರಿಗೆ ಕೊಡುವ ಸಾವಿರ ರೂಪಾಯಿ 2023ರ ಸೆಪ್ಟೆಂಬರ್ 15ರಂದು ಶುರುವಾಯಿತು, ತಿಂಗಳ ಹದಿನೈದು ಅದರ ದಿನ. ಇನ್ನೂ ದೂರದ ಬ್ರೆಜಿಲ್ ದೇಶದಲ್ಲಿ ಬಡ ಕುಟುಂಬಗಳಿಗೆ 2003ರಲ್ಲಿ ಶುರುವಾದ ಬೋಲ್ಸಾ ಫಮೀಲಿಯಾ ಎಂಬ ಹಣ ಕೊಡುತ್ತಾರೆ, ಅಲ್ಲಿಯೂ ಬಹುಪಾಲು ಮನೆಯ ಹೆಂಗಸಿನ ಹೆಸರಿಗೆ. ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಇಡೀ ವರ್ಷದ ಹಣ ಬೀಳುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರಂತೆ. ನೋಂದಣಿ ಸಂಖ್ಯೆಯ ಕೊನೆಯ ಅಂಕೆ ಒಂದಾದರೆ ಈ ದಿನ, ಎರಡಾದರೆ ಮಾರನೆಯ ದಿನ, ಹೀಗೆ ತಿಂಗಳ ಕೊನೆಯ ಹತ್ತು ಕೆಲಸದ ದಿನಗಳಲ್ಲಿ ಹಂಚುತ್ತಾರೆ. ಎಲ್ಲರಿಗೂ ಒಂದೇ ದಿನ ಹಾಕಲು ಖಜಾನೆಗೆ ಭಾರ ಎಂದು ಯಾರಾದರೂ ಅಧಿಕಾರಿ ನಿಮಗೆ ಹೇಳಿದರೆ ಈ ಅಂಕೆಯ ಉಪಾಯವನ್ನು ತಿಳಿಸಿ. ನಮ್ಮ ಪಡಿತರ ಚೀಟಿಗೂ ಕೊನೆಯ ಅಂಕೆ ಎಂಬುದೊಂದಿದೆ.

ನಮ್ಮಲ್ಲಿ ಈ ಹಣ ಪಡೆಯುವ ಹೆಂಗಸರು 1.2 ಕೋಟಿಗೂ ಹೆಚ್ಚು. 2025-26ರ ಬಜೆಟ್‌ನಲ್ಲಿ ಇದಕ್ಕಾಗಿ 28,608 ಕೋಟಿ ತೆಗೆದಿಟ್ಟಿರಿ. ಇಷ್ಟು ದೊಡ್ಡ ಹಣ ಎತ್ತಿಡಬಲ್ಲವರಿಗೆ ಒಂದು ದಿನ ಗೊತ್ತುಮಾಡುವುದು ಕಷ್ಟವೇ? 2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಬಾಕಿ ಕಂತುಗಳ ಬಗ್ಗೆ ನೀವು ಕೂಗಾಡಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಯಾವ ತಿಂಗಳದ್ದು ಬಂದಿದೆ, ಯಾವುದು ಬಂದಿಲ್ಲ, ಎಷ್ಟು ಕೋಟಿ ಬಾಕಿ. ನಾನು ಓದಿದ ಸುದ್ದಿಯಲ್ಲಿ 'ಇನ್ನು ಮುಂದೆ ಯಾವ ತಾರೀಖಿಗೆ' ಎಂಬ ಪ್ರಶ್ನೆ ಕಾಣಲಿಲ್ಲ.

ಬಿಟ್ಟಿ ಭಾಗ್ಯ ಎನ್ನುವವರಿಗೆ ಎರಡು ಮಾತು. ಈ ಹಣ ಗಂಡಸರ ಕುಡಿತಕ್ಕೆ ಹೋಗುತ್ತದೆ ಎನ್ನುತ್ತೀರಿ. ನಮ್ಮ ಬೀದಿಯಲ್ಲಿ ಎರಡು ಮನೆಗಳಲ್ಲಿ ಹೋಗುತ್ತದೆ. ಮುಚ್ಚಿಡುವುದಿಲ್ಲ, ಲೆಕ್ಕ ಬರೆಯುವವಳಿಗೆ ಅದು ತರವಲ್ಲ. ಆ ಎರಡು ಮನೆಗಳಲ್ಲಿ ಮೊದಲು ಹೆಂಡತಿಯ ಕೂಲಿ ಹೋಗುತ್ತಿತ್ತು, ಅದಕ್ಕೂ ಮೊದಲು ಓಲೆ ಹೋಗಿತ್ತು. ಉಳಿದ ಮನೆಗಳಲ್ಲಿ ಹಾಗಿಲ್ಲ. ಮಧ್ಯಪ್ರದೇಶದ ಇಂದೋರ್ ಸುತ್ತಮುತ್ತ 2011-12ರ ಸುಮಾರಿಗೆ ಎಂಟು ಹಳ್ಳಿಗಳಲ್ಲಿ ಯುನಿಸೆಫ್ ನೆರವಿನಿಂದ 'ಸೇವಾ' (SEWA) ಎಂಬ ದುಡಿಯುವ ಹೆಂಗಸರ ಸಂಘಟನೆಯವರು ಇಂಥದ್ದೇ ಪ್ರಯೋಗ ಮಾಡಿದ್ದರು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಆಮೇಲೆ 300 ಮತ್ತು 150. ಯಾವ ಷರತ್ತೂ ಇರಲಿಲ್ಲ. ಹಣ ಸಿಗದ ಹನ್ನೆರಡು ಹಳ್ಳಿಗಳೊಡನೆ ಹೋಲಿಸಿ ನೋಡಿದರು. ಕುಡಿತ ಹೆಚ್ಚಲಿಲ್ಲ. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕ ಸುಧಾರಿಸಿತು. ಪರರ ಹೊಲಕ್ಕೆ ಹೋಗುತ್ತಿದ್ದವರು ತಮ್ಮ ಹೊಲದಲ್ಲಿ ಹೆಚ್ಚು ಹೊತ್ತು ದುಡಿಯತೊಡಗಿದರು. ಇದು ಪ್ರಕಟವಾದ ವರದಿ, ತರಿಸಿಕೊಂಡು ಓದಬಹುದು.

ಕೂಲಿಗೆ ಜನ ಸಿಗುವುದಿಲ್ಲ, ಹೆಂಗಸರು ಸೋಮಾರಿಗಳಾದರು ಎಂಬುದು ಇನ್ನೊಂದು ದೂರು. 2,000 ರೂಪಾಯಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 66. ಐದು ಬಾಯಿಗೆ 66 ರೂಪಾಯಿ ತಂದು ಯಾರು ಕಾಲು ಚಾಚಿ ಮಲಗಿದ್ದಾರೋ ತೋರಿಸಿ, ಹೋಗಿ ನೋಡಿ ಬರುತ್ತೇನೆ. ನಿಜವಾಗಿ ಆದದ್ದು ಇಷ್ಟು. ಹೋದ ಸಲ ಶೇಂಗಾ ಕಳೆ ತೆಗೆಯುವ ಕಾಲದಲ್ಲಿ ನನಗೆ ಎರಡು ದಿನ ಜ್ವರ ಬಂದಿತ್ತು. ಹೊಲದವರು ಕರೆಯಲು ಬಂದರು. ಆಗುವುದಿಲ್ಲ ಎಂದೆ. ಹಿಂದೆ ಜ್ವರದಲ್ಲೇ ಹೋಗಿದ್ದೇನೆ, ಒಂದು ಸಲ ಸಾಲಿನ ನಡುವೆ ಬಿದ್ದೂ ಇದ್ದೇನೆ. ಅವರು ಊರೊಳಗೆ ಹೋಗಿ 'ಎರಡು ಸಾವಿರ ಬಂದು ಇವರಿಗೆ ಕೊಬ್ಬು' ಎಂದರಂತೆ. ಮೂರನೆಯ ದಿನ ನಾನೇ ಹೋಗಿ ಕಳೆ ತೆಗೆದು ಬಂದೆ. 250 ಇದ್ದ ಕೂಲಿ 300 ಆದದ್ದೂ ಆ ಸುಗ್ಗಿಯಲ್ಲೇ.

ಅಕ್ಕಿಯ ಬದಲು ಹಣ ಎಂಬ ವಾದವೂ ನಮ್ಮ ಮನೆಯಲ್ಲಿ ನಡೆಯಿತು. 2023ರ ಜುಲೈನಿಂದ 2025ರ ಜನವರಿಯವರೆಗೆ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಟ್ಟಿರಿ, ನಮ್ಮ ಐದು ಜನಕ್ಕೆ 850. ಆ ಹಣದಲ್ಲಿ ರಾಗಿ ತಂದೆವು, ಮುದ್ದೆ ತಿನ್ನುವವರು ನಾವು. ಅಕ್ಕಿ ವಾಪಸು ಬಂದಾಗ ಅತ್ತೆಗೆ ಸಂತೋಷವಾಯಿತು. ಯಾಕೆ ಎಂದು ಕೇಳಿದೆ. "ಅಕ್ಕಿ ಬರುವ ದಿನ ಗೊತ್ತಾಗುತ್ತದೆ, ಅಂಗಡಿ ಮುಂದೆ ಚೀಲ ಇಳಿಯುವುದು ಕಾಣುತ್ತದೆ" ಎಂದರು. ಹಣ ಬೇಕೋ ಅಕ್ಕಿ ಬೇಕೋ ಎಂದು ದೊಡ್ಡವರು ನಡೆಸುವ ಚರ್ಚೆಯಲ್ಲಿ ಈ ಕಾರಣವನ್ನು ನಾನು ಓದಿಲ್ಲ.

ತಡವಾಗಿ ಒಟ್ಟಿಗೆ ಬಂದರೇನು, ಇಡುಗಂಟಾಗಿ ಉಪಯೋಗಕ್ಕೆ ಬರುತ್ತದಲ್ಲ ಎಂದು ಕೇಳಬಹುದು. ಅದರಲ್ಲಿಯೂ ಸತ್ಯವಿದೆ. ಪಕ್ಕದ ಮನೆಯಾಕೆ ಹಾಗೆ ಬಂದ ಹಣಕ್ಕೆ ತನ್ನದೂ ಸೇರಿಸಿ ಎರಡು ಹೆಣ್ಣು ಕುರಿಮರಿ ಕೊಂಡಳು, ಈಗ ಅವು ಐದಾಗಿವೆ. ಆದರೆ ಗಂಟು ಕಟ್ಟುವುದು ನಮಗೆ ಗೊತ್ತಿದೆ. ಅದಕ್ಕೆಂದೇ ಸಂಘ ಇದೆ, ಚೀಟಿ ಇದೆ, ಅಕ್ಕಿಯ ಡಬ್ಬ ಇದೆ. ಯಾವಾಗ ಗಂಟು ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಅತ್ತೆ ನಿರ್ಧರಿಸಲಿ. ಅವರ ಪರವಾಗಿ ಖಜಾನೆ ಗಂಟು ಕಟ್ಟುವುದು ಬೇಡ.

ನಿಮ್ಮ ವಿಷಯಕ್ಕೇ ಬರುತ್ತೇನೆ, ತಪ್ಪು ತಿಳಿಯಬೇಡಿ. 2025ರ ಮಾರ್ಚ್‌ನಲ್ಲಿ ಶಾಸಕರ ಮೂಲ ವೇತನ 40,000 ಇದ್ದದ್ದನ್ನು 80,000 ಮಾಡಿಕೊಂಡಿರಿ. ಮಾಡಿಕೊಳ್ಳಿ, ಎಲ್ಲದರ ಬೆಲೆಯೂ ಏರಿದೆ. ಆ ಸಂಬಳ ನಿಮಗೆ ಯಾವ ತಾರೀಖು ಬರುತ್ತದೆ? ಉತ್ತರ ತಟ್ಟನೆ ನಾಲಿಗೆಗೆ ಬಂದಿರಬೇಕು. ಮೂರು ತಿಂಗಳು ಬಾರದೆ ಆಮೇಲೆ ಒಟ್ಟಿಗೆ 2,40,000 ಬಿದ್ದರೆ ನಿಮ್ಮ ಕಾರಿನ ಕಂತು, ಚಾಲಕನ ಸಂಬಳ, ಮಕ್ಕಳ ಶಾಲೆಯ ಶುಲ್ಕ ಏನಾಗುತ್ತವೆ ಎಂದು ಮನೆಯವರ ಜೊತೆ ಒಂದು ಸಂಜೆ ಕುಳಿತು ಲೆಕ್ಕ ಹಾಕಿ. ಪುಸ್ತಕ ಬರೆಯಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ.

ಕೇಳುತ್ತಿರುವುದು ಇಷ್ಟೇ. ಒಂದು ತಾರೀಖನ್ನು ಆದೇಶದಲ್ಲಿ ಬರೆಯಿರಿ. ಹತ್ತಾಗಲಿ, ಇಪ್ಪತ್ತಾಗಲಿ, ನಮಗೆ ಎಲ್ಲವೂ ಒಂದೇ. ಅಂಕೆಯ ಪ್ರಕಾರ ಹಂಚಿದರೆ ಅದನ್ನೂ ಹೇಳಿ. ಯಾವುದಾದರೂ ತಿಂಗಳು ಆಗುವುದೇ ಇಲ್ಲ ಎಂದಾದರೆ ಹಿಂದಿನ ವಾರವೇ ತಿಳಿಸಿ, ಆ ತಿಂಗಳ ಬೇಳೆಯನ್ನು ಕಡಿಮೆ ಬೇಯಿಸುತ್ತೇವೆ, ಬ್ಯಾಂಕಿಗೆ ಓಡುವುದಿಲ್ಲ. ಸಂಧ್ಯಾ ಸುರಕ್ಷಾ, ವಿಧವಾ ವೇತನಗಳಿಗೂ ಇದೇ ಮಾತು. ಮೊತ್ತ ಹೆಚ್ಚಿಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಮುಂದಿನ ಚುನಾವಣೆಗೆ ಇಟ್ಟುಕೊಳ್ಳಿ.

ನಮ್ಮೂರ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಅಕ್ಕಿ ಎಷ್ಟು, ಯಾವ ಚೀಟಿಗೆ ಎಷ್ಟು ಎಂದು ಬರೆದ ಫಲಕ ಇದೆ. ಅದರ ಕೆಳಗೆ ಒಂದು ಮೊಳದಷ್ಟು ಜಾಗಕ್ಕೆ ಕಳೆದ ವಾರ ಸಂಘದವರು ಸುಣ್ಣ ಬಳಿದಿದ್ದೇವೆ. 'ಗೃಹಲಕ್ಷ್ಮಿ: ಪ್ರತಿ ತಿಂಗಳು' ಎಂದು ಮಗಳು ನೀಲಿ ಬಣ್ಣದಲ್ಲಿ ಬರೆದು, ಮುಂದೆ ಒಂದು ಅಂಕೆಯಷ್ಟು ಜಾಗ ಬಿಟ್ಟು, 'ನೇ ತಾರೀಖು' ಎಂದು ಮುಗಿಸಿದ್ದಾಳೆ. ಬಣ್ಣ ಡಬ್ಬಿಯಲ್ಲಿ ಇನ್ನೂ ಇದೆ.

ಇಂತಿ,
ಸಂಘದ ಪುಸ್ತಕ ಬರೆಯುವವಳು,
ಅತ್ತೆಯ ಹೆಬ್ಬೆಟ್ಟಿನ ಗುರುತಿನೊಂದಿಗೆ